ಕುರ್ಚಿ ಲೆಕ್ಕ

ಶಾಲೆಯ ಜಿಮ್ಮಿನಲ್ಲಿ ಒಟ್ಟು ಇನ್ನೂರ ಹನ್ನೆರಡು ಕುರ್ಚಿ,
ಮೂರಕ್ಕೆ ಕಾಲು ನೆಟ್ಟಗಿಲ್ಲ.
ಇಪ್ಪತ್ತಾರು ಚಳಿಗಾಲ ಮಡಿಸಿ ಬಿಚ್ಚಿದ ಕೈಗೆ ಗೊತ್ತು
ಯಾವುದು ಕಿರುಗುಟ್ಟುತ್ತದೆ, ಯಾವುದು ಬೆರಳು ಕಚ್ಚುತ್ತದೆ.

ಇವತ್ತು ಸಂಜೆ ಏಳಕ್ಕೆ ಪಕ್ಷದವರು ಬರುತ್ತಾರೆ.
ಬೇರೆ ಯಾರೂ ಅಲ್ಲ, ನಮ್ಮೂರವರೇ.
ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕೆನ್ನುತ್ತಾರೋ
ಅವರ ಮೂಲೆಗೆ ಹೋಗಿ ನಿಲ್ಲುತ್ತಾರೆ.
ಚೀಟಿಯಿಲ್ಲ, ಗುಟ್ಟಿಲ್ಲ,
ಮೈಯೇ ಮತ.
ಯಾವ ಮೂಲೆಗೆ ಎಷ್ಟು ಕುರ್ಚಿ ಎಂದು
ಮಧ್ಯಾಹ್ನವೇ ತೀರ್ಮಾನಿಸಬೇಕಾದವನು
ವರ್ಲಿನ್ ಟರ್ಪ್‌ಸ್ಟ್ರಾ, ಕಸ ಗುಡಿಸುವವನು,
ಅಂದರೆ ನಾನು.

ಟೀವಿಯಲ್ಲಿ ಅಯೋವಾದ ನಕ್ಷೆಗೆ ಬಣ್ಣ ಬಳಿಯುವವರಿಗೆ
ಇದಕ್ಕೇ ಸಂಬಳವಂತೆ.
ನನಗೆ ಗಂಟೆಗೆ ಹದಿನಾಲ್ಕು ಡಾಲರು,
ಬೂಟಿನ ಕೆಸರು ಒರೆಸುವುದೂ ಸೇರಿ.

ಗವರ್ನರಿಗೆ ಎಪ್ಪತ್ತು ಹಾಕಿದೆ.
ಹೆದ್ದಾರಿಯುದ್ದಕ್ಕೂ ಅವನದೇ ಫಲಕ;
ಆದರೆ ಜೋಳದ ಕೂಳೆಗೆ ಮತವಿಲ್ಲವಲ್ಲ,
ಹತ್ತು ತೆಗೆದೆ.
ಸೆನೆಟರಮ್ಮನಿಗೆ ಅರವತ್ತು. ಗ್ರಂಥಾಲಯದ ಲವಾನ್
ತನ್ನ ವ್ಯಾನಿನಲ್ಲಿ ಮೂರು ಸಲ ಹೆಂಗಸರನ್ನು ತುಂಬಿ ತರುತ್ತಾಳಂತೆ.
ಲವಾನ್ ಅಂದರೆ ಅಂದದ್ದೇ:
ತಡವಾದ ಪುಸ್ತಕಕ್ಕೆ ಹೆತ್ತ ಅಪ್ಪನಿಗೂ ದಂಡ ಹಾಕಿದವಳು.
ಆ ಎಳೆ ಮೇಯರಿಗೆ? ಅವನ ಹುಡುಗರು ಕೂರುವ ಜಾತಿಯಲ್ಲ,
ನೆಲದ ಮೇಲೇ ಉರುಳುತ್ತಾರೆ. ಇಪ್ಪತ್ತು ಸಾಕು.

‘ಗೆಲ್ಲೋದು ಗವರ್ನರೇ ಕಣೋ,’
ಕಾಫಿ ಹಂಡೆಯ ಹಿಂದಿನಿಂದ ಆರ್ಡಿತ್ ಕೂಗಿದಳು,
‘ಆ ಗಲ್ಲ ನೋಡು, ನಾಣ್ಯಕ್ಕೆ ಅಚ್ಚು ಹಾಕೋಕೇ ಹುಟ್ಟಿದ್ದು.’
‘ನಾಕು ವರ್ಷದ ಕೆಳಗೂ ಗಲ್ಲ ನೋಡಿಯೇ ಹೇಳಿದ್ದೆ.’
‘ಅದು ಬೇರೆ ಗಲ್ಲ.’

ನಾಲ್ಕನೆಯ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತೆ.
ಮುದುಕ ಡಾಬನಿ ಅಕ್ಟೋಬರಿನಲ್ಲಿ ಇಲ್ಲೇ ಭಾಷಣ ಮಾಡಿದ್ದ,
ಹನ್ನೊಂದು ಜನಕ್ಕೆ. ಮುಗಿದ ಮೇಲೆ
ಕೋಟು ಬಿಚ್ಚಿಟ್ಟು ನನ್ನ ಜೊತೆ ಕುರ್ಚಿ ಮಡಿಸಿದ,
ಬೆರಳು ಕಚ್ಚಿಸಿಕೊಂಡ.
ಎಂಟು ಪೌಂಡಿನ ತಗಡು.
ಇದಕ್ಕೇ ಹೊಡೆದಾಡುತ್ತಾರೆ ಅಂತ ಜನ ಅನ್ನೋದು, ಅಂದೆ.
ರಕ್ತ ಚೀಪುತ್ತಲೇ ನಕ್ಕ.
ಮೂರು ಗಂಟೆಗೆ ರೇಡಿಯೋ ಹೇಳಿತು: ಡಾಬನಿ ಕಣದಿಂದ ಹಿಂದೆ ಸರಿದ.
ಆದರೂ ಒಂಬತ್ತು ಕುರ್ಚಿ ಬಿಚ್ಚಿದೆ.

ಉಳಿದದ್ದನ್ನು ಗೋಡೆಗೆ ಒರಗಿಸಿದೆ.
ಹಂದಿಮಾಂಸದ ಕಾರ್ಖಾನೆಯಲ್ಲಿ ಎರಡನೇ ಪಾಳಿ
ಏಳಕ್ಕೆ ಬಿಡುವುದಿಲ್ಲ.
ಅವರು ಯಾರ ಕಡೆಯೋ
ಬಣ್ಣ ಬಳಿಯುವವರ ಲೆಕ್ಕದಲ್ಲೂ ಇಲ್ಲ,
ನನ್ನದರಲ್ಲೂ ಇಲ್ಲ.

ಏಳು ಹೊಡೆಯಿತು. ಬಾಗಿಲು ಹಾಕಿದರು.
ನನ್ನ ಊಹೆ ಐದು ನಿಮಿಷ ನಿಂತಿತು.
ಜನ ಕುರ್ಚಿಗಳನ್ನೇ ಎತ್ತಿಕೊಂಡು ಅಲೆದಾಡಿದರು,
ಸಂತೆಯಲ್ಲಿ ಕೋಳಿ ಹಿಡಿದವರ ಹಾಗೆ ಕಾಲು ಹಿಡಿದು.
ಡಾಬನಿಯ ಒಂಬತ್ತೂ
ಲವಾನಳ ಕಡೆಯವರ ಪಾಲಾದವು.
ಮೇಯರಿನ ಹುಡುಗರು ನಿಜಕ್ಕೂ ಕೂರಲಿಲ್ಲ;
ಅದೊಂದು ಮಾತ್ರ ಸರಿಹೋಯಿತು.
ಮೂಲೆಗಳಲ್ಲಿ ಇನ್ನೂ ತಲೆ ಎಣಿಸುತ್ತಿರುವಾಗಲೇ
ಎಂಟೂವರೆಗೆ ಎಲ್ಲರ ಫೋನಿನಲ್ಲೂ ಗೆದ್ದವರ ಹೆಸರು ಬಂತು.
ಯಾರೆಂದು ಕೇಳಬೇಡಿ,
ಮುಂದಿನ ವಾರ ಇನ್ನೊಂದು ರಾಜ್ಯದಲ್ಲಿ ಅದೂ ಬದಲು.

ಹತ್ತಕ್ಕೆ ಮಡಿಸಿ ಎಣಿಸಿದರೆ ಇನ್ನೂರ ಹನ್ನೊಂದು.
ಮತ್ತೆ ಎಣಿಸಿದೆ. ಇನ್ನೂರ ಹನ್ನೊಂದೇ.

ಹಿಂಬಾಗಿಲು ತೆರೆದೆ.
ದೀಪದ ಕಂಬದ ಕೆಳಗೆ ಒಂದು ಕುರ್ಚಿ,
ಮುಚ್ಚಿದ ಬಾಗಿಲಿಗೆ ಮುಖ ಮಾಡಿ.
ಪಕ್ಕದಲ್ಲಿ ಕಾಗದದ ಲೋಟ,
ರಬ್ಬರು ಬೂಟಿನ ಹೆಜ್ಜೆ, ಬಂದದ್ದು, ಹೋದದ್ದು.
ಸೀಟಿನ ಮೇಲೆ ಆಗಲೇ
ಹಿಮ ಕೂತಿತ್ತು.